ಕೆಲಸದ ಜಾಗಾದಾಗ ದೊಡ್ಡವರಿಗೆ ಆಟ: ಕರದ್ರ ಮಂದಿ ಯಾಕ ಮುಖ ಗಂಟ ಹಾಕ್ತಾರ?

ಉದ್ಯಮಬಾಗ_ಪಾಳಿ (ಬೆಳಗಾವಿ)

ಎಲ್ಲಾರಿಗೂ ನಮಸ್ಕಾರ್ರಿ. ಉದ್ಯಮಬಾಗದಾಗಿನ ಒಂದು ಸಣ್ಣ ಮಶಿನ್ ಶಾಪ್ ಅಂತ ತಿಳ್ಕೋರಿ. ಕೆಲಸಗಾರರು 27, ಸೂಪರ್‌ವೈಸರ್ 5, ಮಾಲಕರು ಒಬ್ರು. ವಾರದ ಮೀಟಿಂಗಿನ್ಯಾಗ ಮಾಲಕರು ಒಬ್ರ ಮಾತಾಡ್ತಾರ, ಉಳದವ್ರು ಗ್ವಾಡಿ ಗಡಿಯಾರ ನೋಡ್ತಾರ. ‘ಫನ್ ಫ್ರೈಡೆ’ ಅಂತ ಕುರ್ಚಿ ಆಟ ಇಟ್ರ ಮೊದಲನೇ ವಾರ ನಗ್ತಾರ, ಮೂರನೇ ವಾರ ಎಲ್ಲಾರಿಗೂ ಅದ ಹೊತ್ತಿಗೆ ಅರ್ಜೆಂಟ್ ಕೆಲಸ ಬರತೈತಿ. ಇವರಿಗೆ ಆಟ ಒಲ್ಲೆ ಅಂತಲ್ಲ. ಪಂಚಮಿಗೆ ಜೋಕಾಲಿ ಕಟ್ಟೋರು, ನಿಂಬಿಹಣ್ಣು ಒಗದು ಪಂದ್ಯ ಕಟ್ಟೋರು ಇವರ. ಗೇಟಿನ ಒಳಗ ಬಂದಕೂಡ್ಲೇ ಯಾಕ ಕಟ್ಟಿಗಿ ಆಗ್ತಾರ? ಏನ್ ಆಡಸ್ಬೇಕು, ಎಷ್ಟೊತ್ತು, ಮಾಲಕರು ಅಲ್ಲಿರಬೇಕೋ ಬ್ಯಾಡೋ? ಖರ್ಚು ಸಾವಿರ ರೂಪಾಯಿ ದಾಟಬಾರದು.

ಹುಲಿಕುರಿ (ವಿಜಯಪುರ)

ತಪ್ಪು ಕುರ್ಚಿ ಆಟದಾಗ ಅದ, ಮಂದಿಯೊಳಗ ಇಲ್ಲ. ಮೊದಲು ಔಟ್ ಆಗೋರು ಯಾರು? ಮೊಣಕಾಲು ನೋವಿದ್ದವರು, ವಯಸ್ಸಾದವರು, ಸೀರಿ ಉಟ್ಟವರು. ಅವರು ಮುಂದಿನ ಕಾಲು ತಾಸು ಗ್ವಾಡಿಗೆ ನಿಂತು ಚಪ್ಪಾಳಿ ತಟ್ಟಬೇಕು. ಇನ್ನ ಸಾಹೇಬ್ರು ಕೂಡಲಿಕ್ಕ ಹೊಂಟ ಕುರ್ಚಿ ಯಾರೂ ಕಸಗೊಳ್ಳೂದಿಲ್ಲ. ಅಂದ್ರ ಹೊರಗಿನ ಮೇಲು-ಕೀಳು ಇದ್ದದ್ದು ಇದ್ದಂಗ ಒಳಗ ಬಂತು. ಹಂಗಿದ್ದ ಮ್ಯಾಲ ಅದು ಆಟ ಅಲ್ಲ, ಇನ್ನೊಂದು ಡ್ಯೂಟಿ.

ಅದರ ಬದಲಿ ಹುಲಿ-ಕುರಿ ಆಡಸ್ರಿ. ಖರ್ಚು ಏನೂ ಇಲ್ಲ. ನೆಲದ ಮ್ಯಾಲ ಬ್ಯಾಡ, ಟೇಬಲ್ ಮ್ಯಾಲ ಎರಡು ಅಡಿ ಪ್ಲೈವುಡ್ ಇಟ್ಟು ಮಾರ್ಕರ್‌ನಿಂದ ಬರೀರಿ. ಮ್ಯಾಲ ಒಂದು ತುದಿ. ಆ ತುದಿಯಿಂದ ನಾಕು ಗೆರಿ ಬೀಸಣಿಗಿ ಬಿಚ್ಚಿದಂಗ ಕೆಳಗ ಬಂದು ಒಂದು ಅಡ್ಡಗೆರಿಗೆ ಮುಟ್ಟಬೇಕು. ನಡುವ ಇನ್ನ ಮೂರು ಅಡ್ಡಗೆರಿ ಹಾಕ್ರಿ, ಅವು ಎರಡೂ ಬದಿಗೆ ತ್ರಿಕೋನದಿಂದ ಹೊರಗ ಚಾಚಿರಬೇಕು. ಚಾಚಿದ ತುದಿಗಳನ್ನ ಎಡಕ್ಕೊಂದು, ಬಲಕ್ಕೊಂದು ಉದ್ದಗೆರಿ ಹಾಕಿ ಕೂಡಸ್ರಿ. ಈಗ ಗೆರಿ ಕೂಡೂ ಜಾಗಾ ಎಣಸ್ರಿ: ತುದಿ 1, ಮೂರು ಅಡ್ಡಗೆರಿಗೆ ಆರಾರು, ಕೆಳಗ 4, ಒಟ್ಟು 23. ಒಂದು ಕಡಿಮಿ ಬಂದ್ರ ಗೆರಿ ತಪ್ಪ್ಯಾದ. ಹುಲಿಗೆ ಮೂರು ದೊಡ್ಡ ನಟ್ಟು, ಕುರಿಗೆ 15 ವಾಷರ್.

ತುದಿಗೆ ಒಂದು ಹುಲಿ, ಅದರ ಕೆಳಗಿನ ಗೆರಿ ನಡುವ ಎರಡು. ಕುರಿಯವರು ಒಂದು ಸರತಿಗೆ ಒಂದು ಕುರಿ ಇಡಬೇಕು, ಆಮ್ಯಾಲ ಹುಲಿ ಒಂದು ಹೆಜ್ಜಿ. ಹದಿನೈದೂ ಇಟ್ಟು ಮುಗಿಯೂತನಕ ಯಾವ ಕುರೀನೂ ಸರಿಯೂಹಂಗಿಲ್ಲ. ಹುಲಿ ಪಕ್ಕದ ಕುರಿ ದಾಟಿ, ಅದ ಗೆರಿ ಮ್ಯಾಲ ಆಚಿ ಜಾಗಾ ಖಾಲಿ ಇದ್ರ ಜಿಗಿದು ತಿಂತದ. ಮೂರೂ ಹುಲಿಗೆ ಹೆಜ್ಜಿ ಇಡಲಿಕ್ಕ ಬರದಂಗ ಕಟ್ಟಿಹಾಕಿದ್ರ ಕುರಿ ಗೆದ್ದಂಗ. ಹೊತ್ತು ಉಳಸಬೇಕು ಅಂದ್ರ ‘ಐದು ಕುರಿ ಹೋದ್ರ ಹುಲಿ ಗೆತ್ತು’ ಅಂತ ಮೊದಲ ಹೇಳಿಬಿಡ್ರಿ. ಊರಿಗೊಂದು ನೇಮ ಇರ್ತದ, ಆಟ ಶುರುವಾದ ಮ್ಯಾಲ ನೇಮದ ಜಗಳ ಬ್ಯಾಡ.

ಈಗ ಮುಖ್ಯ ಮಾತು. ಮಾಲಕರು ಹುಲಿ. ಐದು ಸೂಪರ್‌ವೈಸರ್ ಒಬ್ಬೊಬ್ಬರಿಗೆ ಮೂರು ಕುರಿ, ಸರತಿ ಪ್ರಕಾರ ಇಡ್ತಾರ. ಮೊದಲನೇ ಸುತ್ತು ಕುರಿಯವರು ಒಬ್ಬರಿಗೊಬ್ಬರು ಮಾತಾಡೂಹಂಗಿಲ್ಲ. ಹುಲಿ ಗೆಲ್ತದ, ಹತ್ತು ನಿಮಿಷದಾಗ. ಎರಡನೇ ಸುತ್ತಿನ್ಯಾಗ ಪ್ರತಿ ಸರತಿಗೆ ಅರ್ಧ ನಿಮಿಷ ಮಾತಾಡಲಿಕ್ಕ ಬಿಡ್ರಿ. ಮೂರನೇ ಸುತ್ತಿಗೆ ಎಲ್ಲಾರಕಿಂತ ಸಣ್ಣ ವಯಸ್ಸಿನವರು ಹುಲಿ, ಮಾಲಕರು ಮೂರು ಕುರಿ ಹಿಡಕೊಂಡು ಕೂಡ್ತಾರ. ಮುಗದ ಮ್ಯಾಲ ‘ಏನು ಕಲತ್ರಿ’ ಅಂತ ಮಾಸ್ತರ ಪ್ರಶ್ನೆ ಕೇಳಬ್ಯಾಡ್ರಿ, ಎಲ್ಲಾರೂ ‘ಒಗ್ಗಟ್ಟು’ ಅಂದು ಕೈ ತೊಳಕೋತಾರ. ಒಂದ ಪ್ರಶ್ನೆ ಕೇಳ್ರಿ: “ಯಾವ ಕುರಿ ಸಾಯ್ತದ ಅಂತ ನಿಮಗ ಮೊದಲ ಗೊತ್ತಿತ್ತು, ಆದರೂ ಹೇಳಲಿಲ್ಲ?” ಕೇಳಿ ಸುಮ್ಮನ ಕೂಡ್ರಿ. ಮೊದಲು ಬಾಯಿ ಬಿಡೋರು ಮಾಲಕರು ಆಗಿರಬಾರದು.

ಎಲ್ಲಿ ಕೆಡ್ತದ ಅಂದ್ರ, ಹೊಸಬರು ಕುರಿ ತಂದು ಹುಲಿ ಮಗ್ಗಲಿಗೇ ಇಡ್ತಾರ. ಬೆನ್ನಿಗೆ ಜಾಗಾ ಖಾಲಿ ಇಲ್ಲದ ಕಡೆ, ಅಂದ್ರ ಕೆಳಗಿನ ಗೆರಿ ಮತ್ತ ಬದಿ ಅಂಚಿನ ಮ್ಯಾಲ ಮೊದಲು ಇಡಬೇಕು. ಇದನ್ನ ನೀವು ಮೊದಲ ಹೇಳಿಕೊಟ್ರ ಆಟ ಸತ್ತಂಗ. ಎರಡನೇ ಸುತ್ತಿನ್ಯಾಗ ಅವರ ಕಂಡ್ಕೋತಾರ.

ತಿಳಕವಾಡಿ_ಲೆಕ್ಕ (ಬೆಳಗಾವಿ)

ಚೊಲೊ ಐತ್ರಿ. ಆದ್ರ ಮಾಲಕರ ಕಣ್ಣಿಂದ ಲೆಕ್ಕ ನೋಡ್ರಿ. 33 ಮಂದಿ, 40 ನಿಮಿಷ. ಅದು 22 ತಾಸಿನ ಮಂದಿಕೆಲಸ. ವಾರಕ್ಕೊಮ್ಮೆ ಅಂದ್ರ ತಿಂಗಳಿಗೆ 88 ತಾಸು. ಡಿಸ್ಪ್ಯಾಚ್ ತಡ ಆದಾಗ ಮೊದಲು ಕತ್ತರಿ ಬೀಳೋದು ಇದಕ್ಕ.

ಹುಲಿಕುರಿ (ವಿಜಯಪುರ)

33 ಮಂದಿ ಆಡಬೇಕು ಅಂತ ಯಾರು ಅಂದ್ರು ಅಣ್ಣಾರ? ಟೇಬಲ್‌ಗೆ ಆರು ಮಂದಿ, 40 ನಿಮಿಷ, ಅಲ್ಲಿಗೆ ನಾಕು ತಾಸು. ತಿಂಗಳಿಗೆ ಒಮ್ಮೆ ಸಾಕು. ಮೊದಲು ಮುಖಂಡರು ಆಡಬೇಕು. ಅವರು ಆಡದ ಕೆಳಗಿನವರಿಗೆ ಆಡಸಿದ್ರ ‘ನಮಗ ಆಟದ ಸಾಮಾನು ಕೊಟ್ಟು ಸುಮ್ಮನಿರಸ್ಯಾರ’ ಅಂತ ಮಂದಿ ತಿಳ್ಕೋತಾರ. ಅದು ಸುಳ್ಳೂ ಅಲ್ಲ.

ಗುಮ್ಮಟದ_ನೆರಳು (ವಿಜಯಪುರ)

ಒಂದು ಮಾತು ಬೇರ್ಪಡಿಸಿ ನೋಡೋಣ. ಆಟ ಬೇರೆ, ಆಟದ ಮನಸ್ಸು ಬೇರೆ. ತಿಂಗಳಿಗೊಮ್ಮೆ ಹುಲಿ-ಕುರಿ ಆಡಿ ಉಳಿದ 29 ದಿನ ಮುಖ ಬಿಗಿದುಕೊಂಡಿದ್ದರೆ ಪ್ರಯೋಜನವಿಲ್ಲ. ಜರ್ಮನಿಯ ಮನಶ್ಶಾಸ್ತ್ರಜ್ಞ ರೆನೆ ಪ್ರೋಯರ್ 2017ರಲ್ಲಿ ದೊಡ್ಡವರ ಆಟದ ಮನಸ್ಸನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು: ಇನ್ನೊಬ್ಬರ ಜತೆ ಸಲಿಗೆಯಿಂದ ಆಡುವುದು, ಎಲ್ಲವನ್ನೂ ಹಗುರವಾಗಿ ತೆಗೆದುಕೊಳ್ಳುವುದು, ವಿಚಾರಗಳ ಜತೆ ಆಡುವುದು, ವಿಚಿತ್ರವಾದದ್ದರಲ್ಲಿ ರುಚಿ ಕಾಣುವುದು. ಕಚೇರಿಗಳಲ್ಲಿ ನಡೆಯುವ ಕಾರ್ಯಕ್ರಮಗಳೆಲ್ಲ ಮೊದಲನೆಯದನ್ನೇ ಹಿಡಿದು ಜಗ್ಗುತ್ತವೆ. ಅದಕ್ಕೇ ಮಿತಭಾಷಿಗಳು ತಪ್ಪಿಸಿಕೊಳ್ಳುತ್ತಾರೆ. ಆದರೆ ಫಿಕ್ಸ್ಚರ್ (ಮಾಲನ್ನು ಬಿಗಿಯಾಗಿ ಹಿಡಿದಿಡುವ ಸಾಧನ) ಹಿಡಿದುಕೊಂಡು ‘ಇದನ್ನ ತಿರುವು-ಮುರುವು ಹಾಕಿದರೆ ಹೇಗೆ’ ಅಂತ ಒಬ್ಬನೇ ಕೂತು ಯೋಚಿಸುವ ಟರ್ನರ್ ಮೂರನೆಯ ಬಗೆಯಲ್ಲಿ ಎಲ್ಲರಿಗಿಂತ ಮುಂದಿರಬಹುದು. ಅವನನ್ನು ಕುಣಿಸಬೇಕಾಗಿಲ್ಲ.

ಅಂಥವರಿಗೆ ಹೊಂದುವುದು ‘ಕೆಟ್ಟ ಉಪಾಯದ ಸುತ್ತು’. ಒಟ್ಟು 12 ನಿಮಿಷ. ಸಮಸ್ಯೆ ಒಂದೇ ಸಾಲಿನಲ್ಲಿರಲಿ, ಉದಾಹರಣೆಗೆ ‘ಡ್ರಿಲ್ ಆಳ ತಪ್ಪಿ ಮಾಲು ರಿಜೆಕ್ಟ್ ಆಗುತ್ತಿದೆ’. ಮೊದಲ 3 ನಿಮಿಷ ಪ್ರತಿಯೊಬ್ಬರೂ ಚೀಟಿಯಲ್ಲಿ ಐದು ಅತಿ ಕೆಟ್ಟ ಪರಿಹಾರ ಬರೆಯಬೇಕು. ಐದಕ್ಕಿಂತ ಕಡಿಮೆ ಬೇಡ: ಮೊದಲೆರಡು ಬರೀ ತಮಾಷೆ, ಆಮೇಲೆ ತಲೆ ಓಡುತ್ತದೆ. ನಂತರ ಚೀಟಿ ಬಲಗಡೆಯವರಿಗೆ. ಅವರು 4 ನಿಮಿಷದಲ್ಲಿ ಒಂದು ಕೆಟ್ಟ ಉಪಾಯ ಆರಿಸಿ ಅದರೊಳಗಿನ ಕಾಳು ಹುಡುಕಬೇಕು. ‘ಡ್ರಿಲ್‌ಗೆ ಕಣ್ಣು ಕಟ್ಟಿಬಿಡಿ’ ಎಂದು ಬರೆದಿದ್ದರೆ, ಆಪರೇಟರ್ ಕಣ್ಣಳತೆಯ ಮೇಲೆ ಬಿಡದೆ ಡ್ರಿಲ್ ಹೆಚ್ಚು ಆಳಕ್ಕೆ ಹೋಗದಂತೆ ತಡೆಯುವ ಒಂದು ಬಳೆ (ಸ್ಟಾಪ್ ಕಾಲರ್) ಹಾಕುವ ವಿಚಾರ ಅದರಿಂದ ಹೊರಡಬಹುದು. ಉಳಿದ 5 ನಿಮಿಷ ಓದುವುದಕ್ಕೆ.

ಇಲ್ಲಿ ಮುಖಂಡರ ಕೆಲಸ ಒಂದೇ. ತಮ್ಮ ಚೀಟಿಯನ್ನು ಮೊದಲು ಓದಬೇಕು, ಅದು ನಿಜಕ್ಕೂ ಕೆಟ್ಟದ್ದಾಗಿರಬೇಕು. ಸಾಹೇಬರು ಜಾಣತನ ಸೂಸುವ ‘ಕೆಟ್ಟ’ ಉಪಾಯ ಓದಿದರೆ ಉಳಿದವರು ತಮ್ಮ ಚೀಟಿ ಮಡಚಿ ಕಿಸೆಗೆ ಹಾಕಿಕೊಳ್ಳುತ್ತಾರೆ. ಇನ್ನೊಂದು ಕಟ್ಟುನಿಟ್ಟು: ಉಪಾಯದ ಗುರಿ ಮಶಿನ್, ಕಾಗದ, ಪದ್ಧತಿ ಆಗಿರಬೇಕು, ಮನುಷ್ಯ ಅಲ್ಲ. ‘ರಾತ್ರಿ ಪಾಳಿಯವರನ್ನು ಮನೆಗೆ ಕಳಿಸಿ’ ಎಂಬ ಒಂದೇ ಚೀಟಿ ಸಾಕು, ಮುಂದಿನ ಆರು ತಿಂಗಳು ಯಾರೂ ಬರೆಯುವುದಿಲ್ಲ.

ನವನಗರ_ಅಕ್ಕ (ಬಾಗಲಕೋಟಿ)

ಹೆಣ್ಮಕ್ಕಳು ಇರೋ ಕಡೆ ನೋಡಬೇಕಾದ್ದು ನಾ ಹೇಳ್ತೀನ್ರಿ, ಇಲ್ಲಿ ಯಾರೂ ಇನ್ನೂ ಎತ್ತಿಲ್ಲ.

ಮೈ ಮುಟ್ಟೋ ಆಟ ಬ್ಯಾಡ. ಕೈ ಕೈ ಹಿಡದು ಗಂಟು ಬಿಡಿಸೋ ಆಟ ತರಬೇತಿಯವರು ಬಂದ್ರ ಆಡಸ್ತಾರ, ಅದು ನಮ್ಮ ಕಡೆ ಅರ್ಧ ಮಂದಿಗೆ ಉಸಿರು ಕಟ್ಟಸ್ತೈತಿ. ಸೋತವರಿಗೆ ಹಾಡು, ಕುಣಿತದ ಶಿಕ್ಷಾನೂ ಬ್ಯಾಡ. ಅಡ್ಡಹೆಸರು, ಬಣ್ಣ, ಜಾತಿ, ಮದುವಿ, ಮಕ್ಕಳ ಸುದ್ದಿ ಇರೋ ಚಾಷ್ಟಿ ಬ್ಯಾಡ್ವ ಬ್ಯಾಡ. ಹತ್ತು ಮಂದಿಗಿಂತ ಕಡಿಮಿ ಇಲ್ಲದ ಕಡೆ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಪ್ರಕಾರ ಆಂತರಿಕ ಸಮಿತಿ ಇರಾಕಬೇಕು. ‘ಆಟದಾಗ ಅಂದದ್ದು’ ಅಂದ್ರ ಆ ಸಮಿತಿ ಮುಂದ ನಡಿಯಂಗಿಲ್ಲ.

ಆಡಸಬೇಕಾದ್ದು ಅಂದ್ರ ಒಡಪು, ಹೆಸರು ಕೂಡಿಸಿ ಕಟ್ಟೋ ಪ್ರಾಸದ ಸಾಲು. ನಮ್ಮ ಭಾಗದಾಗ ಒಡಪು ಹಾಕಾಕ ಬರದವರು ಕಡಿಮಿ. ಆದ್ರ ಗಂಡನ ಹೆಸರಿನ ಒಡಪು ಕೆಲಸದ ಕಡೆ ಕೇಳಬಾರದು. ಗಂಡ ಇಲ್ಲದವರು, ಬಿಟ್ಟು ಬಂದವರು, ಮದುವಿ ಆಗದವರು ಅಲ್ಲೇ ಕೂತಿರ್ತಾರ. ಅದಕ್ಕ ಮಶಿನ್ನಿನ ಹೆಸರು, ಕೌಂಟರಿನ ಹೆಸರು, ತಲಿ ತಿನ್ನೋ ಫಾರ್ಮಿನ ಹೆಸರು ಕೂಡಿಸಿ ಎರಡು ಸಾಲು ಕಟ್ಟಾಕ ಹೇಳ್ರಿ. ಮಾದರಿಗೆ:

ಕುಂದಾ ಬೆಳಗಾವೀದು, ಕರದಂಟು ಗೋಕಾಕದ್ದು,
ಮೂರನೇ ಲೇಥಿನ ಸಪ್ಪಳ ಯಾವ ಜನ್ಮದ್ದು?

ನಕ್ಕಾದ ಮ್ಯಾಲ ಮೆಂಟೆನನ್ಸ್‌ನವರು ಆ ಸಪ್ಪಳ ಏನಂತ ಕೇಳ್ತಾರ ನೋಡ್ರಿ. ಬೇರಿಂಗ್ ಸವದದ್ದು ಸಿಟ್ಟಿಲೆ ಹೇಳಿದ್ರ ತಕರಾರು, ಒಡಪಿನ್ಯಾಗ ಹೇಳಿದ್ರ ಕೇಳೋರಿಗೂ ಕಿವಿ ಇರತೈತಿ. ಒಬ್ಬರಿಗೆ ಎರಡ ಸಾಲು, ಮೀಟಿಂಗಿಗೆ ಮೂರ ಒಡಪು. ಹಿಂದಿನ ದಿನ ಹೇಳಿಟ್ಟಿರಬೇಕು. ನಿಂತಲ್ಲೇ ಹಾಕು ಅಂದ್ರ ಬರೋರಿಗೂ ಬರಂಗಿಲ್ಲ.

ಬೆಳಗಾವಿ ಕಡೆ ಮಾತ್ರ ಒಂದು ತೊಡಕು. ಒಂದ ಶಾಪಿನ್ಯಾಗ ಕನ್ನಡ, ಮರಾಠಿ, ಉರ್ದು ಮಾತಾಡೋರು ಕೂಡಿರ್ತಾರ. ಮಾತಿನ ಆಟ ಆಡಿದ್ರ ಮಾತು ತಿಳಿಯದವರು ಹೊರಗುಳೀತಾರ. ಒಡಪು ಯಾವ ಭಾಷಾದಾಗರ ಇರಲಿ ಅನ್ರಿ, ಮರಾಠಿಯೊಳಗ ಅದಕ್ಕ ‘ಉಖಾಣಾ’ ಅಂತಾರ, ಅವರಿಗೂ ಕೈಬಳಕಿದ್ದು. ಇಲ್ಲಾಂದ್ರ ಕಾಯಿ ಆಟಕ್ಕ ಹೋಗ್ರಿ.

ಉದ್ಯಮಬಾಗ_ಪಾಳಿ (ಬೆಳಗಾವಿ)

ಅಕ್ಕಾರ, ಒಡಪು ಬರಕೊಂಡೆ. ಬ್ಯಾಡ ಅಂದವರನ್ನ ಏನ್ ಮಾಡೂದು?

ನವನಗರ_ಅಕ್ಕ (ಬಾಗಲಕೋಟಿ)

ಬಿಡೂದು. ಬಾಗಲಕೋಟಿ ಹೋಳಿ ನೋಡ್ರಿ, ಹಲಗಿ ಬಾರಸೋರು ಬಾರಸ್ತಾರ, ಬಣ್ಣ ಆಡೋರು ಆಡ್ತಾರ, ಮಾಳಗಿ ಮ್ಯಾಲ ನಿಂತು ನೋಡೋರು ನೋಡ್ತಾರ. ನೋಡೋರಿದ್ರೂ ಹಬ್ಬ ಹಬ್ಬನ. ಒಲ್ಲೆ ಅಂದವರಿಗೆ ಗಡಿಯಾರ ಹಿಡಿಯೋ ಕೆಲಸ, ಅಂಕಿ ಬರಿಯೋ ಕೆಲಸ ಕೊಡ್ರಿ. ಅದೂ ಒಲ್ಲೆ ಅಂದ್ರ ಮಶಿನ್ ಕಡೆ ಹೋಗಲಿ, ಹಾಜರಿಯಾಗ ಗುರುತು ಹಾಕಬ್ಯಾಡ್ರಿ.

ಗುಮ್ಮಟದ_ನೆರಳು (ವಿಜಯಪುರ)

ಇದಕ್ಕೆ ಅಧ್ಯಯನದ ಬೆಂಬಲವೂ ಇದೆ. ಅಮೆರಿಕದ ಈಥನ್ ಮೋಲಿಕ್, ನ್ಯಾನ್ಸಿ ರಾತ್‌ಬಾರ್ಡ್ ಎಂಬ ಇಬ್ಬರು ಸಂಶೋಧಕರು, ಮಾರಾಟ ವಿಭಾಗದ ನೌಕರರ ಕೆಲಸಕ್ಕೆ ಆಟದ ರೂಪ ಕೊಟ್ಟು ನೋಡಿದರು. ಆಟಕ್ಕೆ ಮನಸಾರೆ ಒಪ್ಪಿದವರಿಗೆ ಕೆಲಸ ಹಿತವೆನಿಸಿತು. ಒಪ್ಪದವರಿಗೆ, ಆಟವೇ ಇಲ್ಲದಿದ್ದಾಗ ಇದ್ದದ್ದಕ್ಕಿಂತ ಖುಷಿ ಕಡಿಮೆಯಾಯಿತು.

ಎರಕದ_ಮನಿ (ಬೆಳಗಾವಿ)

ಸುರಕ್ಷತೆ ಮಾತು ಒಂದೇ ಸಲ ಹೇಳ್ತೀನಿ. ಆಟ ನಡೆಯೋ ಜಾಗಾಕ್ಕ ಗೆರಿ ಇರಬೇಕು. ಫೌಂಡ್ರಿಯಾಗ ಕರಗಿದ ಕಬ್ಬಿಣ ಲ್ಯಾಡಲ್‌ನ್ಯಾಗ ಇದ್ದಾಗ, ಕ್ರೇನ್ ಭಾರ ಎತ್ತಿದಾಗ, ಫೋರ್ಕ್‌ಲಿಫ್ಟ್ ದಾರಿಯಾಗ ಹಾಸ್ಯ ಇಲ್ಲ, ಚಾಷ್ಟಿ ಇಲ್ಲ. ಹಿಂದಿನಿಂದ ಬಂದು ಹೆದರಿಸೋದು, ಏರ್ ಗನ್ ಹಿಡದು ಮೈಮ್ಯಾಲ ಗಾಳಿ ಬಿಡೋದು ಆಟ ಅಲ್ಲ. ಒತ್ತಡದ ಗಾಳಿ ಗಾಯದೊಳಗ ಹೊಕ್ರ, ಕಿವಿಗೆ, ಕಣ್ಣಿಗೆ ಹೊಡದ್ರ ಆಸ್ಪತ್ರೆ. ಆಟದ ಟೇಬಲ್ ಕ್ಯಾಂಟೀನಿನ್ಯಾಗ ಅಥವಾ ಮೀಟಿಂಗ್ ಕೋಣಿಯಾಗ. ಎದ್ದು ಹೋಗೋ ಮುಂದ ಎರಡು ನಿಮಿಷ ಸುಮ್ಮನ ನಡದು ಹೆಲ್ಮೆಟ್, ಬೂಟು ನೋಡ್ಕೊಂಡು ಮಶಿನ್ ಮುಟ್ಟಬೇಕು. ನಗುವಿನ ಗುಂಗಿನ್ಯಾಗ ಸ್ಪಿಂಡಲ್ ಶುರು ಮಾಡಿದ್ರ ಚಕ್ ಕೀ (ಮಾಲು ಹಿಡಿಯೋ ಚಕ್ಕನ್ನ ಬಿಗಿಯೋ ಕೀಲಿ) ಅದರಾಗ ಹಂಗ ಉಳದಿರತೈತಿ.

ಜಮಖಂಡಿ_ಗಾಣ (ಬಾಗಲಕೋಟಿ ಜಿಲ್ಲಾ)

ಸಕ್ರಿ ಕಾರ್ಖಾನಿಯಂಥಾ ಮೂರು ಪಾಳಿ ಕಡೆ ಎಲ್ಲಾರೂ ಒಂದ ಟೇಬಲ್‌ಗೆ ಬರೋದು ಆಗದ ಮಾತು. ಅದೂ ಕಬ್ಬು ನುರಿಸೋ ಹಂಗಾಮಿನ್ಯಾಗ ಕೇಳಲೇಬ್ಯಾಡ್ರಿ, ಗಾಣ ನಿಂದ್ರಂಗಿಲ್ಲ. ಅಲ್ಲಿಗೆ ಹೊಂದೋದು ಗ್ವಾಡಿ ಮ್ಯಾಲಿನ ಚೌಕಾಬಾರಾ. ಒಂದು ಪಾಳಿಗೆ ಒಂದ ಎಸತ.

ವಿಶ್ರಾಂತಿ ಕೋಣಿ ಗ್ವಾಡಿಗೆ ತಗಡಿನ ಹಾಳಿ, ಅದರ ಮ್ಯಾಲ 5×5 ಮನಿ, ಕಾಯಿಗೆ ಆಯಸ್ಕಾಂತ. ನಾಕು ಬದಿ ನಡುವಿನ ಮನಿಗೆ ಕತ್ತರಿ ಗುರುತು. ಎ, ಬಿ, ಸಿ ಪಾಳಿಗೆ ಒಂದೊಂದು, ನಾಕನೇದು ಆಫೀಸಿನವರಿಗೆ. ಕವಡಿ ನಾಕು. ಬೆನ್ನು ಅಡಿಗಾಗಿ ಎಷ್ಟು ಮಲಗಿದ್ವೋ ಅಷ್ಟು ಮನಿ, ನಾಕೂ ಹಂಗ ಬಿದ್ರ ಚೌಕಾ ಅಂದ್ರ 4, ನಾಕೂ ಬೋರಲ ಬಿದ್ರ ಬಾರಾ ಅಂದ್ರ 8. ಚೌಕಾ, ಬಾರಾ ಬಿದ್ರ ಇನ್ನೊಂದು ಎಸತ. ಹೊರಗಿನ ಸುತ್ತು ಎಡಕ್ಕ ತಿರುಗಿ, ಒಳಗಿನ ಸುತ್ತು ಬಲಕ್ಕ, ಆಮ್ಯಾಲ ನಡುಮನಿ. ಕಾಯಿ ಹಣ್ಣಾಗಾಕ 24 ಮನಿ ನಡೀಬೇಕು.

ಇಲ್ಲಿ ಎಲ್ಲಾರೂ ಎಡವತಾರ. ನಾಕೂ ಕಾಯಿ ಇಟ್ಟು ಶುರು ಮಾಡ್ತಾರ. ಸರಾಸರಿ ಒಂದು ಎಸತಕ್ಕ ಎರಡೂವರಿ ಮನಿ ಹಿಡೀರಿ, ಒಂದು ಕಾಯಿಗೆ ಹತ್ತು ಎಸತ, ನಾಕಕ್ಕ ನಲವತ್ತು. ದಿನಕ್ಕ ಒಂದು ಎಸತ ಅಂದ್ರ ತಿಂಗಳಾ ದಾಟತೈತಿ, ನಡುವ ಕಾಯಿ ಹೊಡಸ್ಕೊಂಡ್ರ ಇನ್ನೂ ದೂರ. ಮೂರನೇ ವಾರಕ್ಕ ಹಾಳಿ ಮ್ಯಾಲ ಧೂಳ ಕೂತಿರತೈತಿ. ಒಬ್ಬರಿಗೆ ಒಂದ ಕಾಯಿ ಇಡ್ರಿ, ಎರಡು ವಾರದಾಗ ಮುಗೀತೈತಿ. ಒಂದ ಕಾಯಿ ಆಟದಾಗ ‘ಯಾರನ್ನರ ಹೊಡದ ಮ್ಯಾಲ ಒಳಸುತ್ತಿಗೆ’ ಅನ್ನೋ ನೇಮ ಬಿಟ್ಟುಬಿಡ್ರಿ, ಇಲ್ಲಾಂದ್ರ ಕಾಯಿ ಹೊರಗ ತಿರಗತಾನ ಇರತೈತಿ.

ಎಸಿಯೋ ಹೊತ್ತು ಪಾಳಿ ಬದಲಿ ಹೊತ್ತ ಆಗಿರಬೇಕು. ಹೋಗೋ ಪಾಳಿಯವರು ಎಸೀತಾರ, ಬರೋ ಪಾಳಿಯವರು ಸಾಕ್ಷಿ. ಆ ಎರಡು ನಿಮಿಷಕ್ಕ ಎರಡೂ ಪಾಳಿ ಮಂದಿ ಮಾರಿ ನೋಡ್ತಾರ, ‘ಎರಡನೇ ಪಂಪ್ ಸ್ವಲ್ಪ ಬಿಸಿ ಆಗಾಕತ್ತೈತಿ’ ಅನ್ನೋದು ಅಲ್ಲೇ ಹೊರಬೀಳತೈತಿ. ಲಾಗ್ ಬುಕ್ಕಿನ್ಯಾಗ ಎಲ್ಲಾ ಬರಿಯಂಗಿಲ್ಲ ನೋಡ್ರಿ ಮಂದಿ. ರೊಕ್ಕ ಇಡಬ್ಯಾಡ್ರಿ. ಹತ್ತು ರೂಪಾಯಿ ಇಟ್ರೂ ಅದು ಜೂಜು ಆತು. ಗೆದ್ದ ಪಾಳಿಗೆ ಸೋತವರು ಚಾ, ಅಷ್ಟ.

ತಿಳಕವಾಡಿ_ಲೆಕ್ಕ (ಬೆಳಗಾವಿ)

ಎರಡು ನಿಮಿಷದ್ದು ನನಗ ಒಪ್ಪಿಗೆ. ಈಗ ಅಳತಿ ಹೇಳ್ರಿ. ಎರಡು ತಿಂಗಳಾದ ಮ್ಯಾಲ ಮಾಲಕರಿಗೆ ಏನ್ ತೋರಸೂದು? ‘ಮಂದಿ ಖುಷಿ ಅದಾರ’ ಅಂದ್ರ ನಡಿಯಂಗಿಲ್ಲ.

ಹುಲಿಕುರಿ (ವಿಜಯಪುರ)

ಖುಷಿ ಅಳೀಬ್ಯಾಡ್ರಿ, ಬಾಯಿ ಅಳೀರಿ. ಒಂದು ಹಾಳಿ, ಮೂರು ಗೆರಿ. ಒಂದನೇದು, ಮೀಟಿಂಗಿನ್ಯಾಗ ಮಾಲಕರು, ಸೂಪರ್‌ವೈಸರ್ ಬಿಟ್ಟು ಎಷ್ಟು ಮಂದಿ ತಾವಾಗೇ ಮಾತಾಡಿದ್ರು. ಎರಡನೇದು, ಕೆಡೂ ಮೊದಲ ಹೇಳಿದ ತೊಂದ್ರಿ ಎಷ್ಟು. ಮೂರನೇದು, ಮಾಲಕರ ಮಾತಿಗೆ ‘ಇಲ್ರಿ, ಹಂಗಲ್ಲ’ ಅಂದವರು ಎಷ್ಟು. ಆಟ ಶುರು ಮಾಡೂ ಮೊದಲು ನಾಕು ಮೀಟಿಂಗ್, ಆಮ್ಯಾಲ ಎಂಟು ಮೀಟಿಂಗ್ ಬರೀರಿ. ಹೆಸರು ಬರೀಬಾರದು, ಬರೇ ಗೀಟು.

ಗುಮ್ಮಟದ_ನೆರಳು (ವಿಜಯಪುರ)

ಮಾಲಕರಿಗೆ ಮೊದಲೇ ಒಂದು ಎಚ್ಚರಿಕೆ ಕೊಡಿ: ಎರಡನೆಯ ಗೆರೆಯ ಅಂಕಿ ಏರುತ್ತದೆ, ‘ಆಟ ಶುರುವಾದ ಮೇಲೆ ತೊಂದರೆ ಜಾಸ್ತಿಯಾಯಿತು’ ಎನ್ನಿಸುತ್ತದೆ. ಅಮೆರಿಕದ ಸಂಶೋಧಕಿ ಏಮಿ ಎಡ್ಮಂಡ್ಸನ್ 1990ರ ದಶಕದಲ್ಲಿ ಆಸ್ಪತ್ರೆ ವಾರ್ಡುಗಳಲ್ಲಿ ಔಷಧಿ ಕೊಡುವಾಗಿನ ತಪ್ಪುಗಳನ್ನು ಅಭ್ಯಸಿಸಿದಾಗ, ಒಳ್ಳೆಯ ಮುಖಂಡತ್ವ ಇದ್ದ ತಂಡಗಳಲ್ಲೇ ಹೆಚ್ಚು ತಪ್ಪು ಕಂಡವು. ಅಲ್ಲಿನವರು ತಪ್ಪನ್ನು ಮುಚ್ಚಿಡದೆ ಹೇಳುತ್ತಿದ್ದರು ಎಂಬುದೇ ಅದಕ್ಕೆ ಕಾರಣವಾಗಿ ತೋರಿತು. ಹೇಳುವ ಅಂಕಿ ಏರಿ, ರಿಜೆಕ್ಟ್ ಅಂಕಿ ನಿಧಾನವಾಗಿ ಇಳಿದರೆ ದಾರಿ ಸರಿ ಇದೆ. ಎರಡೂ ಏರಿದರೆ ಆಟವನ್ನಲ್ಲ, ಮಶಿನ್ ನೋಡಿ.

ನವನಗರ_ಅಕ್ಕ (ಬಾಗಲಕೋಟಿ)

ಮೂರನೇ ಗೆರಿಗೆ, ಅಂದ್ರ ಎದುರು ಮಾತಿಗೆ, ನಮ್ಮ ಪಾರಿಜಾತದಾಗ ದಾರಿ ಐತಿ. ಶ್ರೀಕೃಷ್ಣ ಪಾರಿಜಾತ ಬಯಲಾಟ ನೋಡಿದವರಿಗೆ ದೂತಿ ಗೊತ್ತಲ್ರಿ. ದೊಡ್ಡವರ ಮುಂದ ನಗಸ್ಕೋತ ಕೊಂಕು ಪ್ರಶ್ನೆ ಕೇಳಾಕಿ. ಮೀಟಿಂಗಿಗೆ ಒಬ್ಬರನ್ನ ದೂತಿ ಮಾಡ್ರಿ, ಗಂಡಸರೂ ಆಗಬಹುದು. ಮೂರ ಪ್ರಶ್ನೆ ಕೇಳೋ ಹಕ್ಕು, ಮಾಲಕರಿಗೂ ಕೇಳಬಹುದು, ಉತ್ತರ ಕೊಡದ ತಪ್ಪಸ್ಕೊಳ್ಳೂಹಂಗಿಲ್ಲ. ಕೈಯಾಗ ಒಂದು ಕೆಂಪು ವಸ್ತ್ರ ಇರಲಿ. ವಸ್ತ್ರ ಹಿಡದಾಗ ಕೇಳಿದ್ದು ದೂತಿ ಪ್ರಶ್ನೆ, ಆ ಮನಿಷ್ಯಾಂದಲ್ಲ. ಪ್ರತಿ ಸಲ ಬ್ಯಾರೆಯವರು. ಬಾಯಿಬಡಕರಿಗೇ ಕೊಟ್ರ ಅವರ ಕಾಯಂ ವಿದೂಷಕ ಆಗ್ತಾರ, ಮಂದಿ ಅವರ ಮಾತು ತೂಕಕ್ಕ ಹಿಡಿಯಂಗಿಲ್ಲ.

ಮರುದಿನ ಮಾಲಕರು ಆ ಮನಿಷ್ಯಾನ್ನ ಕ್ಯಾಬಿನ್‌ಗೆ ಕರದು ‘ನಿನ್ನೆ ಏನಂದಿ?’ ಅಂದ್ರ ವಸ್ತ್ರ ಸುಟ್ಟುಬಿಡ್ರಿ, ಮತ್ತ ಕೆಲಸಕ್ಕ ಬರಂಗಿಲ್ಲ.

ಉದ್ಯಮಬಾಗ_ಪಾಳಿ (ಬೆಳಗಾವಿ)

ಎಲ್ಲಾ ಬರಕೊಂಡೇನ್ರಿ. ಮೊದಲು ಆರು ಮಂದಿ ಹುಲಿ-ಕುರಿ, ಆಮ್ಯಾಲ ಕೆಟ್ಟ ಉಪಾಯದ ಚೀಟಿ, ದೂತಿ ಎರಡನೇ ತಿಂಗಳಿಗೆ. ಕ್ಯಾಂಟೀನ್ ಗ್ವಾಡಿಗೆ ಚೌಕಾಬಾರಾ. ಕವಡಿ ಎಲ್ಲಿ ಸಿಗ್ತಾವ?

ಜಮಖಂಡಿ_ಗಾಣ (ಬಾಗಲಕೋಟಿ ಜಿಲ್ಲಾ)

ಪೂಜಾ ಸಾಮಾನಿನ ಅಂಗಡಿಯಾಗ ಸಿಗ್ತಾವ. ಇಲ್ಲಾಂದ್ರ ಹುಣಸಿ ಬೀಜ ಸಾಕು. ಎರಡು ದಪ್ಪ ಬೀಜ ತಗೊಂಡು ನಡುವ ಹೋಳು ಮಾಡ್ರಿ, ನಾಕು ಅರ್ಧ ಬರತಾವ. ಒಳಮೈ ಖರಖರ ಕಲ್ಲಿಗೆ ನೀರು ಹಚ್ಚಿ ತಿಕ್ಕಿದ್ರ ಬೆಳ್ಳಗ ಆಗತೈತಿ. ಬಿಳಿ ಮೇಲಾದ್ರ ಎಣಿಕಿಗೆ, ಕರಿ ಮೇಲಾದ್ರ ಬೋರಲ.

ತಿಳಕವಾಡಿ_ಲೆಕ್ಕ (ಬೆಳಗಾವಿ)

ತಿಕ್ಕೂದು ಹೆಚ್ಚು-ಕಡಿಮಿ ಆದ್ರ ಒಂದು ಹೋಳು ದಪ್ಪ, ಒಂದು ತೆಳು ಆಗತೈತಿ, ದಪ್ಪಂದು ಒಂದ ಮಗ್ಗಲಿಗೆ ಬೀಳಾಕ ಶುರು ಮಾಡತೈತಿ. ಎರಡೂ ಮಗ್ಗಲು ಸಮ ಬಿದ್ರ 16 ಎಸತಕ್ಕ ಸರಾಸರಿ ಒಂದು ಬಾರಾ. ಗ್ವಾಡಿಗೆ ಹಚ್ಚೋ ಮೊದಲು 160 ಸಲ ಎಸದು ನೋಡ್ರಿ, ಬಾರಾ ಹತ್ತರ ಆಸುಪಾಸು ಬರಬೇಕು. ಇಪ್ಪತ್ತರ ಮ್ಯಾಲ ಬಂದ್ರ ಬೀಜ ಬದಲಿ ಮಾಡ್ರಿ. ನಾನ ಎಸದು ಲೆಕ್ಕ ಬರಕೊಡ್ತೀನಿ ಬೇಕಾದ್ರ.

ಉದ್ಯಮಬಾಗ_ಪಾಳಿ (ಬೆಳಗಾವಿ)

ಬಂತು ನೋಡ್ರಿ, ಲೆಕ್ಕದವರೂ ಆಟಕ್ಕ ಬಂದ್ರು.